ಗೆರೆ ಎಲ್ಲಿದೆ? : ಏಮಿ ಗ್ರಾಂಟ್ ಅವರ ‘ಹಾರ್ಟ್ ಇನ್ ಮೋಷನ್’

ಅಮೆರಿಕದ ಗಾಯಕಿ ಏಮಿ ಗ್ರಾಂಟ್ ಅವರ ‘ಹಾರ್ಟ್ ಇನ್ ಮೋಷನ್’ ಎಂಬ ಆಲ್ಬಮ್ ೧೯೯೧ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಹನ್ನೊಂದು ಹಾಡುಗಳ ಈ ಸಂಪುಟ ಹೊರಬಂದ ಕೆಲವೇ ವಾರಗಳಲ್ಲಿ, ಅದರೊಳಗಿನ ‘ಬೇಬಿ ಬೇಬಿ’ ಎಂಬ ಹಾಡು ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನು ಪಡೆದು ಎರಡು ವಾರ ಅಲ್ಲಿಯೇ ನಿಂತಿತು. ಹಾಡಿದವರು ಸಾಮಾನ್ಯ ಪಾಪ್ ಗಾಯಕಿಯಾಗಿದ್ದಿದ್ದರೆ ಇದರಲ್ಲಿ ಚರ್ಚಿಸತಕ್ಕದ್ದೇನೂ ಇರುತ್ತಿರಲಿಲ್ಲ. ಆದರೆ ಗ್ರಾಂಟ್ ಅವರು ಹದಿನಾಲ್ಕು ವರ್ಷಗಳಿಂದ ಕ್ರೈಸ್ತ ಗೀತಗಳ ಗಾಯಕಿಯೆಂದೇ ಪ್ರಖ್ಯಾತರಾಗಿದ್ದವರು. ಆದುದರಿಂದ ಈ ಸಂಪುಟದ ಬಗ್ಗೆ ಎರಡು ತೀರ್ಪುಗಳು ಆಗಲೇ ಹುಟ್ಟಿಕೊಂಡವು. ಗಾಯಕಿಯು ಮಾರುಕಟ್ಟೆಗಾಗಿ ತನ್ನ ವಿಶ್ವಾಸವನ್ನು ಬಿಟ್ಟುಕೊಟ್ಟಳೆಂದು ಒಂದು ಪಕ್ಷದವರು ಖೇದಪಟ್ಟರು. ಇಕ್ಕಟ್ಟಾದ ಆವರಣದಿಂದ ಹೊರಗೆ ಬಂದು ಪ್ರತಿಭೆಯ ಹರವನ್ನು ತೋರಿದಳೆಂದು ಇನ್ನೊಂದು ಪಕ್ಷದವರು ಸಂತೋಷಪಟ್ಟರು.

ಈ ಎರಡು ತೀರ್ಪುಗಳೂ ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದುವು. ಆದರೆ ಎರಡಕ್ಕೂ ತಳಹದಿ ಒಂದೇ. ದೇವರ ಹಾಡಿಗೂ ಲೋಕದ ಹಾಡಿಗೂ ನಡುವೆ ಒಂದು ಸ್ಥಿರವಾದ ಗೆರೆಯುಂಟು, ಗ್ರಾಂಟ್ ಅವರು ಅದನ್ನು ದಾಟಿದರು ಎಂಬುದನ್ನು ಇಬ್ಬರೂ ಒಪ್ಪಿಕೊಂಡಿದ್ದಾರೆ. ದಾಟಿದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದಷ್ಟೇ ಅವರ ಜಗಳ. ಆ ಗೆರೆ ಸ್ಥಿರವಾದುದೇ? ಅದನ್ನು ಎಳೆದವರು ಯಾರು? ಇತಿಹಾಸದ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆ ಇದು. ಗೆರೆಯು ಒಂದು ಕಡೆ ನಿಂತದ್ದಲ್ಲವೆಂದೂ, ವಾದ್ಯದಿಂದ ಮಾತಿಗೆ, ಮಾತಿನಿಂದ ಹಾಡುವವರ ಬಾಳಿಗೆ ಅದು ಸರಿಯುತ್ತ ಬಂದಿತೆಂದೂ, ಪ್ರಕೃತ ಸಂಪುಟವನ್ನು ಆ ಚಲನೆಯ ನಡುವೆ ಇಟ್ಟು ನೋಡಿದರೆ ಮಾತ್ರ ಅದರ ಗುಣದೋಷಗಳು ತಿಳಿಯುವುವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೧

ಗ್ರಾಂಟ್ ಅವರು ಜನಿಸಿದ್ದು ೧೯೬೦ರಲ್ಲಿ, ಜಾರ್ಜಿಯ ಸಂಸ್ಥಾನದ ಆಗಸ್ಟ ನಗರದಲ್ಲಿ. ಬೆಳೆದದ್ದು ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿ. ಅವರ ಮನೆತನವು ‘ಚರ್ಚ್ ಆಫ್ ಕ್ರೈಸ್ಟ್’ ಎಂಬ ಪ್ರೊಟೆಸ್ಟಂಟ್ ಪಂಗಡಕ್ಕೆ ಸೇರಿತ್ತು. ಈ ಸಂಗತಿಯನ್ನು ಜೀವನಚರಿತ್ರೆಯ ಒಂದು ವಿವರವೆಂದು ಓದಿ ಮುಂದೆ ಹೋಗುವುದು ವಾಡಿಕೆ. ನಮ್ಮ ವಿಷಯಕ್ಕೆ ಇದೇ ಮುಖ್ಯವಾದ ದಾಖಲೆ. ಏಕೆಂದರೆ ಆ ಪಂಗಡದ ಸಭೆಗಳಲ್ಲಿ ಆರಾಧನೆಯ ಕಾಲದಲ್ಲಿ ಯಾವ ವಾದ್ಯವನ್ನೂ ನುಡಿಸುವಂತಿಲ್ಲ. ಹೊಸ ಒಡಂಬಡಿಕೆಯಲ್ಲಿ, ವಿಶೇಷವಾಗಿ ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳಲ್ಲಿ, ಹಾಡುವ ವಿಧಿಯುಂಟೇ ಹೊರತು ನುಡಿಸುವ ವಿಧಿಯಿಲ್ಲ. ಹೇಳದಿರುವುದನ್ನು ಮಾಡಬಾರದು ಎಂಬುದು ಅವರ ನಿಲುವು.

ಈ ನಿಲುವಿಗೆ ತೆತ್ತ ಬೆಲೆ ಸಣ್ಣದಲ್ಲ. ೧೮೬೦ರ ಸುಮಾರಿಗೆ ಕೆಂಟಕಿ ಸಂಸ್ಥಾನದ ಮಿಡ್‌ವೇ ಎಂಬ ಊರಿನ ಸಭೆಗೆ ಒಂದು ಚಿಕ್ಕ ಆರ್ಗನ್ ವಾದ್ಯವನ್ನು ತಂದುದು ದೊಡ್ಡ ವಿವಾದಕ್ಕೆ ಕಾರಣವಾಯಿತು. ವಾದ್ಯದ ಪ್ರಶ್ನೆ ಮತ್ತು ಮಿಷನರಿ ಸಂಘಗಳ ಪ್ರಶ್ನೆ ಸೇರಿ ಆ ಧಾರ್ಮಿಕ ಬಳಗವನ್ನು ಒಡೆದುವು. ೧೯೦೬ರ ಅಮೆರಿಕದ ಧಾರ್ಮಿಕ ಗಣತಿಯಲ್ಲಿ ‘ಚರ್ಚಸ್ ಆಫ್ ಕ್ರೈಸ್ಟ್’ ಎಂಬುದು ಪ್ರತ್ಯೇಕ ಪಂಗಡವೆಂದು ದಾಖಲಾಯಿತು. ಆ ಪಂಗಡದ ಪರವಾಗಿ ಗಣತಿಯವರಿಗೆ ಉತ್ತರಕೊಟ್ಟ ಡೇವಿಡ್ ಲಿಪ್ಸ್‌ಕಂಬ್ ಎಂಬ ಸಂಪಾದಕರು ನ್ಯಾಶ್‌ವಿಲ್ಲಿನವರೇ.

ಇದರಿಂದ ತಿಳಿಯುವುದೇನು? ಗ್ರಾಂಟ್ ಅವರ ಪೂರ್ವಿಕರ ಪಾಲಿಗೆ ಪವಿತ್ರಕ್ಕೂ ಲೌಕಿಕಕ್ಕೂ ನಡುವಣ ಗೆರೆ ಹಾಡಿನ ಮಾತಿನಲ್ಲಿ ಇರಲಿಲ್ಲ, ವಾದ್ಯದಲ್ಲಿತ್ತು. ಅದೇ ಸ್ತೋತ್ರವನ್ನು ಅದೇ ಮಾತಿನಲ್ಲಿ ಆರ್ಗನ್ನಿನ ಜೊತೆಗೆ ಹಾಡಿದರೆ ಅವರ ಆರಾಧನೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಆ ಅಳತೆಗೋಲಿನಿಂದ ಅಳೆಯುವುದಾದರೆ, ಗ್ರಾಂಟ್ ಅವರು ಗೆರೆಯನ್ನು ದಾಟಿದ್ದು ೧೯೯೧ರಲ್ಲಲ್ಲ. ಗಿಟಾರನ್ನು ಕೈಗೆ ತೆಗೆದುಕೊಂಡು ದೇವರ ಹೆಸರನ್ನು ಹಾಡಿದ ದಿನವೇ ದಾಟಿದ್ದರು.

೨

ಈ ಹಳೆಯ ಗೆರೆಯನ್ನು ಅಳಿಸಿ ಹೊಸದನ್ನು ಎಳೆದದ್ದು ೧೯೬೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ತಲೆಯೆತ್ತಿದ ‘ಜೀಸಸ್ ಮೂವ್‌ಮೆಂಟ್’ ಎಂಬ ತರುಣರ ಚಳವಳಿ. ಉದ್ದಗೂದಲಿನ, ಬರಿಗಾಲಿನ ತರುಣರು ಸಭೆಗಳಿಗೆ ಬಂದರು. ಬರುವಾಗ ತಮ್ಮ ರಾಕ್ ಸಂಗೀತವನ್ನೂ ಜೊತೆಗೆ ತಂದರು. ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ ಎಂಬ ೧೯೬೯ರ ಆಲ್ಬಮ್ಮನ್ನು ಈ ಬಗೆಯ ಸಂಗೀತದ ಆದಿಕೃತಿಗಳಲ್ಲಿ ಒಂದೆಂದು ಎಣಿಸುವುದುಂಟು. ಧಾಟಿ ಯಾವುದಾದರೂ ಇರಲಿ, ಮಾತು ದೇವರದಾಗಿದ್ದರೆ ಸಾಕು ಎಂಬುದು ಇವರ ತತ್ತ್ವ. ಗೆರೆಯು ವಾದ್ಯದಿಂದ ಮಾತಿಗೆ ಸರಿಯಿತು.

ಈ ತತ್ತ್ವಕ್ಕೆ ವ್ಯಾಪಾರದ ರೂಪ ಕೊಡಲು ಸಂಸ್ಥೆಗಳು ಸಿದ್ಧವಾಗಿದ್ದುವು. ಟೆಕ್ಸಸ್ ಸಂಸ್ಥಾನದ ವೇಕೊ ನಗರದಲ್ಲಿ ೧೯೫೧ರಲ್ಲಿ ಸ್ಥಾಪಿತವಾಗಿದ್ದ ‘ವರ್ಡ್’ ಎಂಬ ಸಂಸ್ಥೆಯು ೧೯೭೨ರಲ್ಲಿ ‘ಮರ್’ ಎಂಬ ಹೆಸರಿನ ಉಪಶಾಖೆಯನ್ನು ತರುಣರ ಸಂಗೀತಕ್ಕಾಗಿಯೇ ತೆರೆಯಿತು. ಗ್ರಾಂಟ್ ಅವರ ಮೊದಲನೆಯ ಆಲ್ಬಮ್ ೧೯೭೭ರಲ್ಲಿ, ಅವರ ಹದಿನಾರನೆಯ ವಯಸ್ಸಿನಲ್ಲಿ, ಇಲ್ಲಿಂದಲೇ ಪ್ರಕಟವಾಯಿತು. ೧೯೮೨ರ ‘ಏಜ್ ಟು ಏಜ್’ ಎಂಬ ಸಂಪುಟ ಅವರನ್ನು ಈ ಕ್ಷೇತ್ರದ ಅಗ್ರಪಂಕ್ತಿಗೆ ತಂದಿತು. ದೇವರ ಹೀಬ್ರೂ ನಾಮವೊಂದನ್ನೇ ಶೀರ್ಷಿಕೆಯಾಗಿ ಉಳ್ಳ ‘ಎಲ್ ಶದ್ದಾಯ್’ ಎಂಬ ಗೀತವು ಆ ಸಂಪುಟದ್ದು.

ಇಲ್ಲಿ ಒಂದು ವಿಲಕ್ಷಣ ಸಂಗತಿಯನ್ನು ಗಮನಿಸಬೇಕು. ಜಾಜ್, ರಾಕ್, ಕಂಟ್ರಿ ಮುಂತಾದ ಸಂಗೀತಪ್ರಕಾರಗಳನ್ನು ನಾವು ನಾದದಿಂದ ಗುರುತಿಸುತ್ತೇವೆ. ಭಾಷೆ ತಿಳಿಯದವನಿಗೂ ಅವುಗಳ ಭೇದ ತಿಳಿಯುತ್ತದೆ. ‘ಸಮಕಾಲೀನ ಕ್ರೈಸ್ತ ಸಂಗೀತ’ವೆಂಬ ಪ್ರಕಾರವೊಂದೇ ನಾದದಿಂದ ಗುರುತಿಸಲಾಗದೆ ಮಾತಿನಿಂದ ಮಾತ್ರ ಗುರುತಿಸಲ್ಪಡುವುದು. ಅದರ ನಾದವೆಲ್ಲ ಹೊರಗಿನಿಂದ ಬಂದದ್ದು. ಮಾತೊಂದೇ ಒಳಗಿನ ಸ್ವತ್ತು. ಹೀಗಿರುವಲ್ಲಿ ಗಾಯಕಿಯೊಬ್ಬಳು ಮಾತಿನಿಂದ ದೇವರ ಹೆಸರನ್ನು ತೆಗೆದರೆ ಉಳಿಯುವುದು ಹೊರಗಿನವರ ಹಾಡೇ. ೧೯೯೧ರ ಕಳವಳಕ್ಕೆ ಕಾರಣ ಕೇವಲ ಮತಾಂಧತೆಯಲ್ಲ. ತನ್ನ ಇರವೆಲ್ಲವನ್ನೂ ಮಾತಿನ ಮೇಲೆ ನಿಲ್ಲಿಸಿಕೊಂಡಿದ್ದ ಒಂದು ಕ್ಷೇತ್ರದ ಸಹಜವಾದ ಭಯವೂ ಅದರಲ್ಲಿತ್ತು.

೩

ಈ ಹಿನ್ನೆಲೆಯಲ್ಲಿ ಈಗ ಸಂಪುಟವನ್ನೇ ನೋಡೋಣ. ಇದು ಒಮ್ಮೆಗೇ ಬಂದ ತಿರುವೇನೂ ಅಲ್ಲ. ೧೯೮೫ರಲ್ಲಿ ‘ಅನ್‌ಗಾರ್ಡೆಡ್’ ಎಂಬ ಆಲ್ಬಮ್ ಬಂದಾಗಲೇ ‘ಎ ಅಂಡ್ ಎಂ’ ಎಂಬ ದೊಡ್ಡ ಕಂಪೆನಿಯು ಗ್ರಾಂಟ್ ಅವರ ಹಾಡುಗಳನ್ನು ಸಾಮಾನ್ಯ ಅಂಗಡಿಗಳಿಗೆ ಒಯ್ಯತೊಡಗಿತ್ತು. ೧೯೮೬ರಲ್ಲಿ ಪೀಟರ್ ಸಿಟೆರ ಅವರೊಡನೆ ಹಾಡಿದ ಒಂದು ಯುಗಳಗೀತವೂ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತ್ತು. ಬ್ರೌನ್ ಬ್ಯಾನಿಸ್ಟರ್, ಮೈಕೆಲ್ ಒಮಾರ್ಟಿಯನ್, ಕೀತ್ ಥಾಮಸ್ ಎಂಬ ಮೂವರು ನಿರ್ಮಾಪಕರ ಕೈಯಲ್ಲಿ ಸಿದ್ಧವಾದ ‘ಹಾರ್ಟ್ ಇನ್ ಮೋಷನ್’ ಸಂಪುಟದಲ್ಲಿ ಪಾಪ್ ರೂಪವು ಪೂರ್ಣವಾಯಿತು.

‘ಬೇಬಿ ಬೇಬಿ’ ಹಾಡನ್ನೇ ತೆಗೆದುಕೊಳ್ಳೋಣ. ಗ್ರಾಂಟ್ ಮತ್ತು ಕೀತ್ ಥಾಮಸ್ ರಚಿಸಿದ ಈ ಹಾಡಿಗೆ ಪ್ರೇರಣೆ ಗಾಯಕಿಯ ಕೆಲವು ವಾರಗಳ ಹೆಣ್ಣುಕೂಸು. ತಾಯಿಯೊಬ್ಬಳು ಮಗುವಿನ ಮುಖವನ್ನು ನೋಡಿ ಹಿಗ್ಗುವುದೇ ಅದರ ಹುಟ್ಟು. ಆದರೆ ಮಾತುಗಳನ್ನು ಪ್ರಿಯನಿಗೂ ಹೇಳಬಹುದಾದಂತೆ ಹೆಣೆದಿದೆ. ಹಾಡಿನ ಪ್ರಚಾರಕ್ಕಾಗಿ ತೆಗೆದ ವೀಡಿಯೋ ಚಿತ್ರದಲ್ಲಿ ಕೂಸಿನ ಬದಲು ಒಬ್ಬ ತರುಣನು ಕಾಣಿಸಿಕೊಂಡನು. ವಿವಾಹಿತೆಯೂ ತಾಯಿಯೂ ಆದ ಗಾಯಕಿಯು ಪರಪುರುಷನೊಡನೆ ಪ್ರಣಯವನ್ನು ಅಭಿನಯಿಸಿದಳೆಂದು ಅನೇಕ ಕ್ರೈಸ್ತ ಶ್ರೋತೃಗಳು ನೊಂದುಕೊಂಡರು. ಹಾಡಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ‘ನೀನು’ ಯಾರೆಂಬುದು ಮಾತ್ರ ಬದಲಾಗಿತ್ತು.

ಈ ‘ನೀನು’ ಎಂಬುದರ ಮೇಲೆ ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನ ಹಳೆಯ ಸ್ತೋತ್ರಗಳಲ್ಲಿ ದೇವರಿಗೆ ‘ದೌ’ ಎಂಬ ಪ್ರಾಚೀನ ಸಂಬೋಧನೆ ಸಲ್ಲುತ್ತಿತ್ತು; ನೆರೆಯವನಿಗೆ ‘ಯೂ’. ೧೯೫೨ರ ಪರಿಷ್ಕೃತ ಸತ್ಯವೇದ ಭಾಷಾಂತರದಲ್ಲಿಯೂ ದೇವರನ್ನು ಸಂಬೋಧಿಸುವ ಎಡೆಗಳಲ್ಲಿ ಈ ಹಳೆಯ ರೂಪವನ್ನು ಉಳಿಸಿಕೊಂಡಿದ್ದರು. ೧೯೭೮ರಲ್ಲಿ ಸಂಪೂರ್ಣವಾಗಿ ಪ್ರಕಟವಾದ ‘ನ್ಯೂ ಇಂಟರ್‌ನ್ಯಾಷನಲ್’ ಭಾಷಾಂತರವು ಅದನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ದೇವರು, ಪ್ರಿಯ, ಕೂಸು ಎಲ್ಲರೂ ‘ಯೂ’. ಇದು ಕನ್ನಡಿಗರಿಗೆ ಹೊಸದಾಗಿ ತೋರದು, ಏಕೆಂದರೆ ನಮ್ಮಲ್ಲಿ ಈ ಮೂವರಿಗೂ ‘ನೀನು’ ಎಂಬುದೇ ಸಲ್ಲುತ್ತ ಬಂದಿದೆ. ಆದರೆ ಸಂಬೋಧನೆಯಲ್ಲಿಯೇ ಗೆರೆಯನ್ನು ಕಾಣುವ ಅಭ್ಯಾಸವಿದ್ದವರಿಗೆ ಇದು ಸಣ್ಣ ಪಲ್ಲಟವಲ್ಲ. ಮಾತಿನಲ್ಲಿ ಉಳಿದಿದ್ದ ಗುರುತನ್ನು ಭಕ್ತರೇ ಅಳಿಸಿಕೊಂಡಿದ್ದರು. ಗ್ರಾಂಟ್ ಅವರ ಹಾಡು ಆ ಅಳಿಸಿದ ಜಾಗದಲ್ಲಿ ನಿಂತಿತು.

ಸಂಪುಟದ ಉಳಿದ ಹಾಡುಗಳ ವಸ್ತುವನ್ನು ಒಟ್ಟಾಗಿ ನೋಡಿದರೆ ಒಂದು ಕ್ರಮ ಕಾಣುವುದು. ‘ದಟ್ಸ್ ವಾಟ್ ಲವ್ ಈಸ್ ಫಾರ್’ ಎಂಬುದು ದಂಪತಿಗಳ ಮನಸ್ತಾಪವನ್ನು ಪ್ರೀತಿಯು ಹೇಗೆ ಹಾಯಿಸುವುದೆಂಬುದನ್ನು ಕುರಿತದ್ದು. ‘ಹ್ಯಾಟ್ಸ್’ ಎಂಬುದು ಹೆಂಡತಿ, ತಾಯಿ, ದುಡಿಯುವವಳು ಎಂಬ ಹಲವು ಪಾತ್ರಗಳನ್ನು ಒಂದೇ ದಿನದಲ್ಲಿ ಹೊರಬೇಕಾದ ಹೆಣ್ಣಿನ ಅಳಲನ್ನು ನಗುತ್ತಲೇ ಹೇಳುವುದು. ‘ಐ ವಿಲ್ ರಿಮೆಂಬರ್ ಯೂ’ ಅಗಲಿಕೆಯ ಹಾಡು. ‘ಹೌ ಕ್ಯಾನ್ ವಿ ಸೀ ದಟ್ ಫಾರ್’ ಎಂಬುದರಲ್ಲಿ ಮದುವೆಯಾದವರು ತಮ್ಮ ಮುಂದಿನ ವರ್ಷಗಳನ್ನು ಈಗಲೇ ಕಾಣಬಲ್ಲರೇ ಎಂಬ ಪ್ರಶ್ನೆಯಿದೆ. ಕೂಸು, ಸಂಸಾರ, ದುಡಿಮೆ, ಅಗಲಿಕೆ: ಇವು ಭಕ್ತರ ಬದುಕಿನ ಹೆಚ್ಚಿನ ದಿನಗಳನ್ನು ತುಂಬುವ ಸಂಗತಿಗಳು. ಪರಿವರ್ತನೆಗೂ ಸ್ತುತಿಗೂ ಮೋಕ್ಷಕ್ಕೂ ಒತ್ತುಕೊಟ್ಟ ಕ್ರೈಸ್ತ ಗೀತದ ಮಾರುಕಟ್ಟೆಯಲ್ಲಿ ಇವಕ್ಕೆ ಸಿಕ್ಕಿದ್ದ ಸ್ಥಳ ಕಿರಿದು. ಗ್ರಾಂಟ್ ಅವರು ದೇವರನ್ನು ಬಿಟ್ಟು ಲೋಕಕ್ಕೆ ಹೋದರೆಂಬುದಕ್ಕಿಂತ, ಭಕ್ತರ ಬಾಳಿನ ಹಾಡಿಲ್ಲದ ನಡುಭಾಗಕ್ಕೆ ಹಾಡನ್ನು ಕೊಟ್ಟರೆನ್ನುವುದು ಹೆಚ್ಚು ಸರಿಯಾದ ವಿವರಣೆ.

೪

ಹೀಗೆಂದು ಸಂಪುಟವು ನಿರ್ದುಷ್ಟವೆಂದು ಹೇಳಲಾಗದು. ಅದರ ಮುಖ್ಯ ದೋಷ ನಯ. ಸಿಂಥಸೈಜರ್ ನಾದವೂ ಯಂತ್ರದಿಂದ ಎಣಿಸಿಟ್ಟ ತಾಳವೂ ಆ ಕಾಲದ ಪಾಪ್ ಸಂಗೀತದ ಸಾಮಾನ್ಯ ಲಕ್ಷಣಗಳಾದರೂ, ಇಲ್ಲಿ ಬೇರೆ ಬೇರೆ ಭಾವಗಳ ಹಾಡುಗಳು ಒಂದೇ ಮೆರುಗನ್ನು ಪಡೆದು ಹೊರಬರುತ್ತವೆ. ‘ಗೆಲಿಲಿಯೋ’ ಎಂಬ ಹಾಡಿನಲ್ಲಿ ವಿಜ್ಞಾನಿಯ ಹೆಸರು ಅಲಂಕಾರಕ್ಕೆ ಬಂದುದೇ ಹೊರತು ಆಳವಾದ ಅರ್ಥಕ್ಕಲ್ಲ. ‘ಗುಡ್ ಫಾರ್ ಮಿ’ ಕೇಳಲು ಹಗುರ, ಮರೆಯಲೂ ಹಗುರ.

ಸಂಪುಟದ ಶ್ರೇಷ್ಠ ಗೀತವೆಂದು ನಮಗೆ ತೋರುವುದು ‘ಆಸ್ಕ್ ಮಿ’. ಬಾಲ್ಯದಲ್ಲಿ ಮನೆಯೊಳಗೇ ದೌರ್ಜನ್ಯಕ್ಕೆ ಒಳಗಾದ ಹುಡುಗಿಯೊಬ್ಬಳ ಕಥೆ ಅದು. ಗಾಯಕಿಯು ಆ ಕಥೆಯನ್ನು ತನ್ನದೆಂದು ಹೇಳಿಕೊಳ್ಳದೆ, ಕಂಡು ಬಲ್ಲವಳ ಸ್ಥಾನದಿಂದ ಹೇಳುತ್ತಾಳೆ. ಆ ಹುಡುಗಿಯ ನಾಚಿಕೆಯ ಹೊತ್ತಿನಲ್ಲಿ ದೇವರು ಎಲ್ಲಿದ್ದನೆಂಬ ಪ್ರಶ್ನೆಯನ್ನು ಹಾಡು ಮರೆಮಾಚುವುದಿಲ್ಲ. ಅದಕ್ಕೆ ಶಾಸ್ತ್ರಾರ್ಥವನ್ನು ಉತ್ತರವಾಗಿ ಕೊಡುವುದೂ ಇಲ್ಲ. ಬೆಳೆದು ಚೇತರಿಸಿಕೊಳ್ಳುತ್ತಿರುವ ಹೆಣ್ಣನ್ನೇ ಉತ್ತರವಾಗಿ ಮುಂದಿಡುವುದು. ಇಲ್ಲಿಯೂ ಶೋಕದ ಮಂದಗತಿಯಿಲ್ಲ, ನಡೆಯುವ ಪಾಪ್ ಲಯವೇ ಇದೆ. ಇದನ್ನು ಅನೌಚಿತ್ಯವೆನ್ನುವವರು ಇರಬಹುದು. ಆದರೆ ಸಂಪುಟದ ನಯವು ಒಂದು ಅರ್ಥವನ್ನು ಗಳಿಸಿಕೊಳ್ಳುವುದು ಈ ಎಡೆಯಲ್ಲಿಯೇ. ದಿನದಿನದ ಲಯದ ಕೆಳಗೆ ಎಂತಹ ನೋವು ಅಡಗಿರಬಹುದೆಂದು ಶ್ರೋತೃವಿಗೆ ಆಗ ಮನಗಾಣುತ್ತದೆ.

ಕೊನೆಯ ಹಾಡಾದ ‘ಹೋಪ್ ಸೆಟ್ ಹೈ’ ಎಂಬುದರಲ್ಲಿ ವಿಶ್ವಾಸದ ಮಾತು ನೇರವಾಗಿಯೇ ಬರುವುದು. ಆದುದರಿಂದ ಸಂಪುಟದಲ್ಲಿ ದೇವರಿಲ್ಲವೆಂಬ ಆಕ್ಷೇಪವು ಹನ್ನೊಂದನ್ನೂ ಕೇಳಿದವರದಾಗಿರಲಾರದು. ಇದಕ್ಕೆ ಕಾರಣವೂ ಸ್ಪಷ್ಟ. ಪಾಪ್ ರೇಡಿಯೋದ ಮೂಲಕ ಜನಪ್ರಿಯ ಗೀತಗಳ ಪಟ್ಟಿಗೆ ಏರಿದ ಹಾಡುಗಳು ಐದು: ‘ಬೇಬಿ ಬೇಬಿ’, ‘ಎವ್ರಿ ಹಾರ್ಟ್‌ಬೀಟ್’, ‘ದಟ್ಸ್ ವಾಟ್ ಲವ್ ಈಸ್ ಫಾರ್’, ‘ಗುಡ್ ಫಾರ್ ಮಿ’, ‘ಐ ವಿಲ್ ರಿಮೆಂಬರ್ ಯೂ’. ದೇವರನ್ನು ಹೆಸರಿಸುವ ಎರಡು ಹಾಡುಗಳು ಈ ಐದರಲ್ಲಿಲ್ಲ. ಸಂಪುಟವು ಜೋಡಿಸಿದ್ದನ್ನು ಮಾರುಕಟ್ಟೆಯು ಬೇರ್ಪಡಿಸಿತು. ಒಂದು ಪಕ್ಷದವರ ಖೇದವೂ ಇನ್ನೊಂದು ಪಕ್ಷದವರ ಸಂತೋಷವೂ ಈ ಬೇರ್ಪಟ್ಟ ಅರ್ಧವನ್ನೇ ನಂಬಿದ್ದುವು.

೫

ಲೌಕಿಕ ಗೀತಕ್ಕೂ ಪವಿತ್ರ ಗೀತಕ್ಕೂ ಕೊಡುಕೊಳೆ ಹೊಸದಲ್ಲ. ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ವಾಗ್ಗೇಯಕಾರನು ೧೬೦೧ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತದ ಧಾಟಿಯು, ಕೆಲವೇ ವರ್ಷಗಳಲ್ಲಿ ಸ್ತೋತ್ರದ ಧಾಟಿಯಾಯಿತು. ಮುಂದೆ ಕ್ರಿಸ್ತನ ಮುಳ್ಳಿನ ಕಿರೀಟದ ಗೀತಕ್ಕೆ ಒದಗಿ, ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಷನ್’ ಕೃತಿಯಲ್ಲಿ ಮತ್ತೆ ಮತ್ತೆ ಕೇಳಿಬಂದಿತು. ಇಂದು ಅದನ್ನು ಕೇಳಿ ಪ್ರೇಮಗೀತವನ್ನು ನೆನೆಯುವವರು ವಿರಳ. ಪ್ರತಿದಿಕ್ಕಿನ ಪ್ರಯಾಣವೂ ಉಂಟು. ‘ಸೋಲ್ ಸ್ಟಿರರ್ಸ್’ ಎಂಬ ಸುವಾರ್ತಾಗೀತ ಮೇಳದ ಪ್ರಧಾನ ಗಾಯಕನಾಗಿದ್ದ ಸ್ಯಾಮ್ ಕುಕ್ ತನ್ನ ಮೊದಲ ಪಾಪ್ ಹಾಡನ್ನು ‘ಡೇಲ್ ಕುಕ್’ ಎಂಬ ಮರೆಹೆಸರಿನಲ್ಲಿ ಹೊರತಂದನು. ೧೯೫೭ರಲ್ಲಿ ‘ಯೂ ಸೆಂಡ್ ಮಿ’ ಹಾಡಿನಿಂದ ಲೋಕಪ್ರಸಿದ್ಧನಾದನು. ಆ ಕಾಲದ ಕರಿಯ ಜನಾಂಗದ ಸಭೆಗಳ ದೃಷ್ಟಿಯಲ್ಲಿ ಅದು ಹಿಂದಿರುಗಲು ಕಷ್ಟವಾದ ದಾರಿ. ಗ್ರಾಂಟ್ ಅವರಿಗಾದರೋ ಮರೆಹೆಸರು ಬೇಕಾಗಲಿಲ್ಲ. ೧೯೯೨ರಲ್ಲಿ ಗ್ರ್ಯಾಮಿ ಪ್ರಶಸ್ತಿಯ ‘ವರ್ಷದ ಆಲ್ಬಮ್’ ವಿಭಾಗಕ್ಕೆ ಈ ಸಂಪುಟವು ನಾಮನಿರ್ದೇಶನಗೊಂಡಿತು. ಅದೇ ವರ್ಷ ಕ್ರೈಸ್ತ ಸಂಗೀತದ ಡವ್ ಪ್ರಶಸ್ತಿಗಳಲ್ಲಿ ಅವರು ‘ವರ್ಷದ ಕಲಾವಿದೆ’ ಎನಿಸಿದರು. ಖೇದಪಟ್ಟವರು ಇದ್ದರೂ, ಕ್ಷೇತ್ರವು ಅವರನ್ನು ಹೊರಗೆ ಹಾಕಲಿಲ್ಲ.

ಹಾಕದಿರುವುದಕ್ಕೆ ಸಂಖ್ಯೆಗಳೂ ಕಾರಣ. ಅಮೆರಿಕದಲ್ಲಿ ಈ ಸಂಪುಟಕ್ಕೆ ಐವತ್ತು ಲಕ್ಷ ಪ್ರತಿಗಳ ಪ್ರಮಾಣಪತ್ರ ದೊರೆತಿದೆ. ಆದರೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು ಹತ್ತನೆಯ ಸ್ಥಾನದ ವರೆಗೆ ಮಾತ್ರ. ಇಂತಹ ಅಂಕಿಗಳನ್ನು ಓದುವಾಗ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಆದ ಮಾರಾಟವು ೧೯೯೫ರ ವರೆಗೆ ಸಾಮಾನ್ಯ ಪಟ್ಟಿಯ ಎಣಿಕೆಗೆ ಸೇರುತ್ತಿರಲಿಲ್ಲ. ಗೆರೆಯು ಭಕ್ತರ ಮನಸ್ಸಿನಲ್ಲಿ ಮಾತ್ರವಲ್ಲದೆ ಎಣಿಸುವವರ ಪುಸ್ತಕದಲ್ಲಿಯೂ ಇತ್ತು.

ಮುಂದಿನ ಘಟನೆಗಳು ಗೆರೆಯ ಚಲನೆಯನ್ನು ಇನ್ನೂ ಸ್ಪಷ್ಟಪಡಿಸುತ್ತವೆ. ೧೯೯೭ರ ‘ಬಿಹೈಂಡ್ ದಿ ಐಸ್’ ಎಂಬ ಅವರ ಆಲ್ಬಮ್ಮಿನಲ್ಲಿ ದೇವರ ನೇರ ಉಲ್ಲೇಖ ಬಹಳ ವಿರಳ. ಆದರೂ ಅದು ೧೯೯೮ರಲ್ಲಿ ಡವ್ ಪ್ರಶಸ್ತಿಯನ್ನು ಪಡೆಯಿತು. ಇದೂ ಇಂತಹ ಇನ್ನು ಕೆಲವು ಪ್ರಸಂಗಗಳೂ ಚರ್ಚೆಯನ್ನು ಎಬ್ಬಿಸಿದುವು. ಪ್ರಶಸ್ತಿಯನ್ನು ಕೊಡುವ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ ಎಂಬ ಸಂಘವು ಅದೇ ವರ್ಷ, ಯಾವ ಹಾಡು ಅರ್ಹವೆಂಬುದಕ್ಕೆ ಲಿಖಿತ ಲಕ್ಷಣವನ್ನು ಗೊತ್ತುಮಾಡಿತು. ಸಂಗೀತದ ಶೈಲಿ ಯಾವುದಾದರೂ ಆಗಬಹುದು. ಮಾತು ಸತ್ಯವೇದದ ತತ್ತ್ವವನ್ನೋ, ದೇವರ ಸ್ತುತಿಯನ್ನೋ, ಕ್ರಿಸ್ತನ ಮೂಲಕ ದೇವರೊಡನೆ ಉಂಟಾದ ಸಂಬಂಧದ ಸಾಕ್ಷಿಯನ್ನೋ, ಕ್ರೈಸ್ತ ಲೋಕದೃಷ್ಟಿಯನ್ನೋ ಒಳಗೊಂಡಿರಬೇಕು ಎಂಬುದು ಅದರ ಸಾರಾಂಶ. ೧೯೯೯ರಲ್ಲಿ ಗ್ರಾಂಟ್ ಅವರ ವಿವಾಹವಿಚ್ಛೇದನವಾದಾಗ ಕೆಲವು ಕ್ರೈಸ್ತ ರೇಡಿಯೋ ಕೇಂದ್ರಗಳು ಅವರ ಹಾಡುಗಳನ್ನು ನಿಲ್ಲಿಸಿದುವು. ಈಗ ಗೆರೆಯು ವಾದ್ಯದಲ್ಲಿಯೂ ಇಲ್ಲ, ಮಾತಿನಲ್ಲಿಯೂ ಇಲ್ಲ, ಗಾಯಕಿಯ ಮನೆಯೊಳಗೆ ಹೊಕ್ಕಿತ್ತು. ೨೦೨೨ರಲ್ಲಿ ಕೆನೆಡಿ ಸೆಂಟರ್ ಗೌರವ ಅವರಿಗೆ ಸಂದಾಗ, ಸಮಕಾಲೀನ ಕ್ರೈಸ್ತ ಸಂಗೀತದ ಕ್ಷೇತ್ರದಿಂದ ಆ ಗೌರವವನ್ನು ಪಡೆದ ಮೊದಲಿಗರೆಂದು ಅವರನ್ನು ಹೊಗಳಿದರು. ಮನೆಬಿಟ್ಟು ಹೋದವಳೆಂದು ಒಮ್ಮೆ ಕರೆಸಿಕೊಂಡಾಕೆ ಕೊನೆಗೆ ಆ ಮನೆಯ ಪ್ರತಿನಿಧಿಯಾಗಿಯೇ ನಿಂತರು.

ಗೆರೆಯನ್ನು ಎಳೆಯುವುದೇ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ತನ್ನ ಹಾಡು ಯಾವುದೆಂದು ನಿಶ್ಚಯಿಸುವ ಹಕ್ಕು ಯಾವ ಸಮುದಾಯಕ್ಕಾದರೂ ಇರುವುದು ಸರಿಯಷ್ಟೆ. ಆದರೆ ನಾಮೋಲ್ಲೇಖದ ಎಣಿಕೆಯನ್ನೇ ಅಳತೆಯಾಗಿ ಹಿಡಿಯುವವರು ತಮ್ಮ ಧರ್ಮಗ್ರಂಥವನ್ನೇ ಮತ್ತೊಮ್ಮೆ ತೆರೆದು ನೋಡಬೇಕು. ಎಸ್ತೇರಳ ಹೀಬ್ರೂ ಗ್ರಂಥದಲ್ಲಿ ದೇವರ ಹೆಸರೇ ಬರುವುದಿಲ್ಲ. ‘ಪರಮಗೀತ’ದ ತುಂಬ ಇರುವುದು ಇಬ್ಬರು ಪ್ರೇಮಿಗಳ ಮಾತು. ಆದರೂ ಎರಡನ್ನೂ ಹೊರಗಿಡಲಿಲ್ಲ. ಅವುಗಳನ್ನು ಉಳಿಸಿಕೊಂಡವರು ಭಕ್ತರ ಬಾಳಿನಲ್ಲಿ ಪ್ರೇಮಕ್ಕೂ ರಾಜಸಭೆಗೂ ಅಪಾಯಕ್ಕೂ ಸ್ಥಳವುಂಟೆಂಬುದನ್ನು ಬಲ್ಲವರಾಗಿದ್ದರು.

‘ಹಾರ್ಟ್ ಇನ್ ಮೋಷನ್’ ಮಹಾಕೃತಿಯಲ್ಲ. ಹನ್ನೊಂದರಲ್ಲಿ ಮೂರು ನಾಲ್ಕು ಹಾಡುಗಳು ಉಳಿಯತಕ್ಕುವು; ಒಂದು ಮಾತ್ರ ನಿಜವಾಗಿ ದೊಡ್ಡದು. ಆದರೆ ಅದನ್ನು ದಾಟಿಹೋದವಳ ಹಾಡೆಂದೋ ಬಿಡುಗಡೆಯಾದವಳ ಹಾಡೆಂದೋ ಕೇಳುವವರೆಗೆ, ಆ ದೊಡ್ಡ ಹಾಡು ಇಬ್ಬರ ಕಿವಿಗೂ ಬೀಳುವುದಿಲ್ಲ. ಕೂಸನ್ನು ಕಂಡು ಹಿಗ್ಗುವ ತಾಯಿಯನ್ನೂ ಮನೆಯೊಳಗೆ ನೊಂದ ಹುಡುಗಿಯನ್ನೂ ಒಂದೇ ಸಂಪುಟದಲ್ಲಿ ಇಟ್ಟದ್ದು ಗ್ರಾಂಟ್ ಅವರ ಸಾಧನೆ. ಅವರಿಬ್ಬರನ್ನೂ ಒಟ್ಟಿಗೆ ಕೇಳುವುದು ಶ್ರೋತೃವಿನ ಕರ್ತವ್ಯ.